ಅಕ್ಕನ ಕಾರಿನ ಅಂಚು, ಸೆರಗು

ನಮ್ಮ ಅಕ್ಕನ ಕಾರಿಗೆ ಈಗ ತುಟಿ ಇದೆ. ಎರಡೂ ಪಕ್ಕಕ್ಕೆ ಲಂಗ ಇದೆ. ಹಿಂದೆ, ಡಿಕ್ಕಿಯ ಬಾಗಿಲ ಮೇಲೆ, ಒಂದು ರೆಕ್ಕೆಯೂ ಇದೆ. ಈ ಹೆಸರುಗಳನ್ನು ಇಟ್ಟವನು ನಾನಲ್ಲ. ಗ್ಯಾರೇಜಿನವರು ಇಂಗ್ಲಿಷಿನಲ್ಲಿ ಹೇಳುವುದನ್ನು ಕನ್ನಡದಲ್ಲಿ ಹೇಳಿದೆ ಅಷ್ಟೆ. ಮುಂದಿನ ಬಂಪರಿನ ಕೆಳಗೆ ಚಾಚಿಕೊಂಡಿರುವುದು ಲಿಪ್, ಬಾಗಿಲುಗಳ ಕೆಳಗೆ ನೆಲದತ್ತ ಇಳಿದಿರುವುದು ಸ್ಕರ್ಟ್, ಹಿಂದಿನದು ವಿಂಗ್. ಎಲ್ಲ ಸೇರಿ ಬಾಡಿ ಕಿಟ್. ಮೀಸೆ ಈಗಷ್ಟೇ ಮೂಡಿದ ಹುಡುಗರು ಅಪ್ಪನನ್ನು ಕಾಡಿ ಬೇಡಿ ಹಾಕಿಸಿಕೊಳ್ಳುವ ಈ ಸಾಮಾನನ್ನು, ಅರವತ್ತು ದಾಟಿದ, ತಲೆಯ ಮೇಲಿನ ಸೆರಗು ಜಾರದಂತೆ ಗಾಡಿ ಓಡಿಸುವ ಹೆಂಗಸೊಬ್ಬಳು ಹಾಕಿಸಿಕೊಂಡಿದ್ದಾಳೆ, ಆ ಹೆಂಗಸು ನನ್ನ ಒಡಹುಟ್ಟಿದ ಅಕ್ಕ ಎಂದು ಹೇಳುವಾಗ ಮೊದಮೊದಲು ನನ್ನ ದನಿ ಸಣ್ಣದಾಗುತ್ತಿತ್ತು. ಈಗ ಯಾರೂ ಕೇಳದಿದ್ದರೂ ನಾನೇ ಹೇಳುತ್ತೇನೆ.

ನನಗೆ ಗಾಡಿ ಓಡಿಸಲು ಬರುವುದಿಲ್ಲ. ಲೈಸೆನ್ಸ್ ಇದೆ, ಅದನ್ನು ಬ್ಯಾಂಕಿನಲ್ಲಿ ಗುರುತಿಗಾಗಿ ತೋರಿಸುತ್ತೇನೆ. ಜಮಖಂಡಿಯ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು ನಾನು. ಯಾವ ಊರಿಗೆ ಯಾವ ದಾರಿ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ; ಕಣ್ಣು ತೆರೆದು ಆ ದಾರಿಯಲ್ಲಿ ಗಾಡಿ ನಡೆಸು ಎಂದರೆ ಮಾತ್ರ ಅಂಗೈ ಬೆವರುತ್ತದೆ. ಹಾಗಾಗಿ ನನ್ನ ವಿದ್ಯೆಯೆಲ್ಲ ಅಕ್ಕನ ಕಾರಿನ ಎಡಗಡೆಯ ಸೀಟಿನಿಂದ ಪ್ರಕಟವಾಗುತ್ತದೆ. ಮುಂದೆ ಉಬ್ಬು ಇದೆ, ಎಡಕ್ಕೆ ಎಮ್ಮೆ ಇದೆ, ಆ ಬಸ್ಸಿನವನ ಲಕ್ಷಣ ಸರಿಯಿಲ್ಲ ಎಂದು ಹೇಳುತ್ತಲೇ ಇರುತ್ತೇನೆ. ಅಕ್ಕ ಹೂಂ ಅನ್ನುತ್ತಾಳೆ. ಎಮ್ಮೆಯನ್ನು ದಾಟಿ ಎಷ್ಟೋ ದೂರ ಬಂದ ಮೇಲೆ ನಾನು ಎಮ್ಮೆ ಎಂದರೂ ಹೂಂ ಅನ್ನುತ್ತಾಳೆ. ಇಷ್ಟು ದೊಡ್ಡ ಮನಸ್ಸಿನವರು ಸ್ಟೇರಿಂಗ್ ಹಿಡಿದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಕ್ಕನ ಹೆಸರು ಕಸ್ತೂರಿ. ನಾವು ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ, ಅವಳನ್ನು ಕೊಟ್ಟದ್ದು ಬನಹಟ್ಟಿಯ ನೇಕಾರರ ಮನೆಗೆ. ಅಂದರೆ ಒಂದು ಮಗ್ಗದ ಸಪ್ಪಳ ಬಿಟ್ಟು ಇನ್ನೊಂದು ಮಗ್ಗದ ಸಪ್ಪಳಕ್ಕೆ ಹೋದಳು, ನಡುವೆ ನಿದ್ದೆಗೆ ಸಹ ವ್ಯತ್ಯಾಸವಾಗಲಿಲ್ಲ. ಗಾಡಿ ಕಲಿತದ್ದು ನಮ್ಮ ಭಾವ ಬದುಕಿದ್ದಾಗಲೇ. ಭಾವ ಬಹಳ ಮರ್ಯಾದಸ್ಥರು. ಎದುರಿಗೆ ಪರಿಚಯದವರು ಕಂಡರೆ ಸ್ಟೇರಿಂಗ್ ಬಿಟ್ಟು ಎರಡೂ ಕೈ ಜೋಡಿಸುತ್ತಿದ್ದರು. ಅವರಿಗೆ ಪರಿಚಯದವರು ಬಹಳ. ಕೊನೆಗೆ ಅಕ್ಕ, ನೀವು ನಮಸ್ಕಾರ ಮಾಡ್ರಿ, ನಾ ಗಾಡಿ ಹೊಡೀತೀನಿ ಎಂದು ಹೇಳಿ ಕಲಿತೇಬಿಟ್ಟಳು. ಭಾವ ತೀರಿಕೊಂಡ ಮೇಲೆ ಅವರ ಮಗ ಮಲ್ಲು ಪವರ್‌ಲೂಮ್ ನೋಡಿಕೊಂಡ, ಅಕ್ಕ ಸೀರೆಗಳನ್ನು ಹಿಂದಿನ ಸೀಟಿನಲ್ಲಿ ಪೇರಿಸಿಕೊಂಡು ಊರೂರಿನ ಅಂಗಡಿಗಳನ್ನು ನೋಡಿಕೊಂಡಳು. ಮುಧೋಳ, ಬೀಳಗಿ, ನಮ್ಮ ಜಮಖಂಡಿ, ಮತ್ತೆ ಮನೆ.

ಈ ಸುತ್ತಿನಲ್ಲಿ ಅವಳ ಜೊತೆ ಹೋಗುವುದೆಂದರೆ ನನಗೆ ಹಬ್ಬ. ಅಂಗಡಿಯ ಗಾದಿಯ ಮೇಲೆ ಕೂತು ಚಹಾ ಕುಡಿಯುತ್ತ ಅಕ್ಕ ಸೀರೆ ಬಿಚ್ಚುವ ರೀತಿಯನ್ನು ನೀವು ನೋಡಬೇಕು. ಒಳಗಿನ ದೀಪದ ಬೆಳಕಿನಲ್ಲಿ ಎಂದೂ ಬಿಚ್ಚುವುದಿಲ್ಲ. ಬಾಗಿಲಿಗೆ ಬಂದು, ಬಿಸಿಲಿಗೆ ಸ್ವಲ್ಪ ಓರೆಯಾಗಿ ಹಿಡಿಯುತ್ತಾಳೆ. ಬೀಳಗಿಯವರಿಗೆ ಎಂಥ ಹಸಿರು ಹಿಡಿಸುತ್ತದೆ, ಮುಧೋಳದವರು ಯಾವ ಹಳದಿಯನ್ನು ಮುಟ್ಟುವುದೂ ಇಲ್ಲ ಎಂಬುದೆಲ್ಲ ಅವಳಿಗೆ ಗೊತ್ತು. ಫೋಟೋ ಕಳಿಸಿದರೆ ಆಯಿತಲ್ಲ ಅವ್ವಾ ಎಂದು ಮಲ್ಲು ಎಷ್ಟೋ ಸಲ ಹೇಳಿದ್ದಾನೆ. ಫೋನಿನೊಳಗಿನ ಸೀರೆಗೆ ಬೆನ್ನಿಲ್ಲ ಎಂದು ಅಕ್ಕ ಅವನನ್ನು ಸುಮ್ಮನಾಗಿಸುತ್ತಾಳೆ.

ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಡೆಯ ರಸ್ತೆಗಳು ನಮ್ಮವಲ್ಲ, ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳವು. ಒಂದು ಎಂಜಿನ್ನಿಗೆ ಎರಡು ಟ್ರೇಲರ್ ಕಟ್ಟಿ, ಕಬ್ಬನ್ನು ಎರಡೂ ಪಕ್ಕಕ್ಕೆ ಹೊರಚಾಚುವಂತೆ ಹೇರಿಕೊಂಡು ಹೊರಟರೆ ರಸ್ತೆಗೆ ರಸ್ತೆಯೇ ನಡೆಯುತ್ತಿರುವಂತೆ ಕಾಣುತ್ತದೆ. ಹೋದ ಹಂಗಾಮಿನಲ್ಲಿ ಮುಧೋಳದಿಂದ ಬರುವಾಗ ಇಂಥದೊಂದು ಎದುರಾಯಿತು. ಅಕ್ಕ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತೇ ಇದ್ದಳು. ತಿರುವಿನಲ್ಲಿ ಹಿಂದಿನ ಟ್ರೇಲರು ಬಾಲ ಬೀಸಿ, ಮುಂದಿನ ಬಂಪರನ್ನು ಕಿತ್ತು, ಪಕ್ಕದ ಬಾಗಿಲುಗಳ ಕೆಳಭಾಗವನ್ನು ಉದ್ದಕ್ಕೂ ಕೆರೆದು ಹೋಯಿತು. ಅಕ್ಕನಿಗೆ ಒಂದು ಗೀರೂ ಆಗಲಿಲ್ಲ. ನಾನು ಅಂದು ಗಾಡಿಯಲ್ಲಿರಲಿಲ್ಲ. ಇದ್ದಿದ್ದರೆ ಮುಂದೆ ಟ್ರ್ಯಾಕ್ಟರ್ ಇದೆ ಎಂದು ಖಂಡಿತ ಹೇಳುತ್ತಿದ್ದೆ.

ತಪ್ಪು ಅವಳದಲ್ಲ ಎಂದು ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ, ಇನ್ನು ಸಾಕು ಎಂದೂ ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಮಲ್ಲು ಕೀಲಿಕೈಯನ್ನು ತನ್ನ ಕಿಸೆಗೆ ಹಾಕಿಕೊಂಡ. ಜೋರು ಮಾಡಲಿಲ್ಲ, ಬೈಯಲಿಲ್ಲ. ಇಷ್ಟು ದಿನ ದುಡಿದೀ, ಇನ್ನ ಆರಾಮ ಇರು ಅಂದ. ಜೋರು ಮಾಡಿದ್ದರೆ ಅಕ್ಕ ಉತ್ತರ ಕೊಡುತ್ತಿದ್ದಳು. ಪ್ರೀತಿಗೆ ಏನು ಉತ್ತರ ಕೊಡುವುದು? ಗಾಡಿ ರಿಪೇರಿ ಮಾಡಿಸಿ ಮಾರುವುದೆಂದಾಯಿತು. ಬೀಳಗಿಯ ಕಿರಾಣಿ ವ್ಯಾಪಾರಿಯೊಬ್ಬರು ಗಾಡಿ ಕೊಳ್ಳುವುದಾಗಿ ಹೇಳಿದ್ದರು. ಅವರಿಗೆ ಸಾದಾ ಬಿಳಿ ಗಾಡಿ, ಮನೆಯವರೇ ಓಡಿಸಿದ್ದು ಬೇಕಿತ್ತಂತೆ. ಅಕ್ಕನ ಮನಸ್ಸು ಒಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಿನ್ನ ಮಾತು ಕೇಳ್ತಾಳ ಮಾಮಾ ಎಂದು ಮಲ್ಲು ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು. ಅವಳು ಹೂಂ ಅನ್ನುವುದನ್ನೇ ಮಾತು ಕೇಳುವುದು ಎಂದು ಅವನು ತಿಳಿದಿದ್ದ.

ಮಲ್ಲು ಗಾಡಿಯನ್ನು ಜಮಖಂಡಿಗೆ ತಂದು, ಪೇಂಟರ್ ದಸ್ತಗೀರನ ಗ್ಯಾರೇಜಿನಲ್ಲಿ ಬಿಟ್ಟು ಬಸ್ಸಿಗೆ ಹೋದ. ಮರುದಿನ ಅಕ್ಕ ತನ್ನ ಗಾಡಿ ನೋಡಲು ತಾನೇ ಬಸ್ಸಿನಲ್ಲಿ ಬಂದಿಳಿದಳು. ಸ್ಟ್ಯಾಂಡಿನಿಂದ ಗ್ಯಾರೇಜಿಗೆ ನಡೆದು ಹೋಗುವಾಗ ನಾನು ಸಿದ್ಧಮಾಡಿಕೊಂಡ ಉಪದೇಶವನ್ನು ಶುರುಮಾಡಿದೆ. ವಯಸ್ಸು, ಕಣ್ಣು, ಕಬ್ಬು, ಕಾಲ ಎಂದು ಕ್ರಮವಾಗಿ ವಿವರಿಸಿದೆ. ಅಕ್ಕ ಹೂಂ, ಹೂಂ ಎನ್ನುತ್ತ ನಡೆದಳು. ಗ್ಯಾರೇಜು ಬರುವ ಹೊತ್ತಿಗೆ ನನಗೇ ನನ್ನ ಮಾತು ಬೇಸರವಾಗಿತ್ತು.

ದಸ್ತಗೀರ ಐವತ್ತರ ಆಸುಪಾಸಿನವನು. ಮಾತು ಕಡಿಮೆ, ಉಗುರಿನ ಸಂದಿಯಲ್ಲಿ ಯಾವಾಗಲೂ ಯಾವುದೋ ಒಂದು ಗಾಡಿಯ ಬಣ್ಣ. ಅವನು ಹೇಳಿದ್ದು ಇಷ್ಟು: ಬಂಪರ್ ಉಳಿಯುವುದಿಲ್ಲ, ಕಂಪನಿಯ ಹೊಸ ಬಂಪರ್ ಬರಲು ತಡವಾಗುತ್ತದೆ. ಅಕ್ಕ ಅದನ್ನು ಕೇಳುತ್ತಿರಲಿಲ್ಲ. ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟ, ಬೂದು ಬಣ್ಣದ, ಚೂಪು ಚೂಪಾದ ಫೈಬರಿನ ಸಾಮಾನುಗಳನ್ನು ನೋಡುತ್ತಿದ್ದಳು. ಇವೇನು ಎಂದು ಕೇಳಿದಳು. ಇದೇ ಗಾಡಿಗೆ ಕೂಡುವ ಬಾಡಿ ಕಿಟ್ ಅಕ್ಕಾರ, ಕೊಲ್ಹಾಪುರದಿಂದ ಒಬ್ಬರು ತರಿಸಿದ್ದರು, ಆಮೇಲೆ ಗಾಡಿಯನ್ನೇ ಬದಲಿಸಿದರು, ಇಲ್ಲೇ ಉಳಿಯಿತು ಎಂದ. ಒಂದೊಂದನ್ನೂ ಎತ್ತಿ ತೋರಿಸಿದ. ಬಂಪರ್ ಇದರಲ್ಲಿ ಇದ್ದೇ ಇದೆ, ಕೆಳಗೆ ತುಟಿ. ಕೆರೆದುಹೋದ ಪಕ್ಕಗಳನ್ನು ಈ ಸ್ಕರ್ಟು ಮುಚ್ಚುತ್ತದೆ.

ಇದು ಏನು ಕೆಲಸ ಮಾಡುತ್ತದೆ ಎಂದು ಅಕ್ಕ ರೆಕ್ಕೆಯನ್ನು ಮುಟ್ಟಿ ಕೇಳಿದಳು. ದಸ್ತಗೀರ ಪ್ರಾಮಾಣಿಕ. ವಿಮಾನದಂತೆ ಓಡುವ ಗಾಡಿಗಾದರೆ ಗಾಳಿ ತಡೆದು ನೆಲಕ್ಕೆ ಒತ್ತುತ್ತದಂತೆ, ನಮ್ಮ ರಸ್ತೆಯಲ್ಲಿ ಏನೂ ಮಾಡುವುದಿಲ್ಲ, ಚಂದ ಕಾಣುತ್ತದೆ ಎಂದ. ಅಕ್ಕ ಅದರ ಅಂಚಿನುದ್ದಕ್ಕೂ ಬೆರಳು ಆಡಿಸಿದಳು. ಸೀರೆಯ ಅಂಚು ನೂಲು ಬಿಚ್ಚದಂತೆ ಹಿಡಿಯುತ್ತದೆ, ಆದರೆ ಆ ಕಾರಣಕ್ಕೆ ಅಂಚು ನೋಡಿ ಸೀರೆ ಕೊಂಡವರನ್ನು ತಾನು ಇಷ್ಟು ವರ್ಷದಲ್ಲಿ ಒಬ್ಬರನ್ನೂ ಕಂಡಿಲ್ಲ ಎಂದಳು. ಆಮೇಲೆ, ಎಲ್ಲಾ ಹಚ್ಚು ಅಂದಳು.

ಬೀಳಗಿಯ ಆ ಸಂಭಾವಿತ ವ್ಯಾಪಾರಿ ಈ ವೇಷದ ಗಾಡಿಯನ್ನು ಮುಟ್ಟುತ್ತಾರೆಯೆ? ಆ ಪ್ರಶ್ನೆ ನನಗೆ ಹೊಳೆದ ಮರುಗಳಿಗೆಯೇ ಅದರ ಉತ್ತರ ಅಕ್ಕನಿಗೆ ಮೊದಲೇ ಹೊಳೆದಿತ್ತೆಂಬುದೂ ಹೊಳೆಯಿತು. ಅವಳ ಮುಖ ನೋಡಿದೆ. ದೇವರ ಮುಂದೆ ದೀಪ ಹಚ್ಚುವಾಗ ಇರುವಷ್ಟು ನಿರಪರಾಧಿ ಮುಖ. ಮಲ್ಲುಗೆ ಏನು ಹೇಳಲಿ ಎಂದರೆ, ರಿಪೇರಿ ನಡದೈತಿ ಅಂತ ಹೇಳು ಅಂದಳು. ನಾನು ಹಾಗೆಯೇ ಹೇಳಿದೆ. ಸುಳ್ಳೇನೂ ಅಲ್ಲವಲ್ಲ!

ನೀವೇನೇ ಹೇಳಿ, ಗಾಡಿಗೆ ಸಿಂಗಾರ ಮಾಡುವುದು ಇವತ್ತಿನ ಹುಡುಗರ ಚಟವಲ್ಲ. ಕಾರ ಹುಣ್ಣಿಮೆಗೆ ನಾವು ಎತ್ತಿನ ಕೋಡಿಗೆ ಬಣ್ಣ ಬಳಿದು, ತುದಿಗೆ ಹಿತ್ತಾಳೆ ತೊಡಿಸಿ, ಬೆನ್ನಿಗೆ ಝೂಲ ಹೊದಿಸುತ್ತೇವೆ. ಮರುದಿನ ಆ ಎತ್ತು ಒಂದು ಗೇಣು ಹೆಚ್ಚು ಉಳುತ್ತದೆಯೆ? ಅಕ್ಕನ ಬಂಪರ್ ಕಿತ್ತ ಆ ಟ್ರ್ಯಾಕ್ಟರಿಗೂ ನೆತ್ತಿಗೆ ಗೊಂಡೆ, ಹಣೆಗೆ ಕನ್ನಡಿ, ಬೆನ್ನಿಗೆ ಮಗಳ ಹೆಸರು ಇದ್ದೇ ಇದ್ದವಂತೆ. ನಮ್ಮ ಸೀಮೆಯಲ್ಲಿ ಸಿಂಗಾರ ಬೇಡದ ಪ್ರಾಣಿಯೆಂದರೆ ಮುಧೋಳದ ನಾಯಿ ಒಂದೇ. ಬೆನ್ನಿನ ಬಾಗು, ಸಣ್ಣ ಹೊಟ್ಟೆ, ಉದ್ದ ಕಾಲು, ಅಲ್ಲಿಗೆ ಮುಗಿಯಿತು. ದೇವರು ಅದಕ್ಕೆ ಕಂಪನಿಯಲ್ಲೇ ಎಲ್ಲ ಕೂಡಿಸಿ ಕಳಿಸಿದ್ದಾನೆ. ಆದರೂ ಅದರ ಒಡೆಯನನ್ನು ನೋಡಿ, ಆ ಕೊರಳಿಗೂ ಒಂದು ಕವಡೆಯ ಪಟ್ಟಿ ಕಟ್ಟಿರುತ್ತಾನೆ. ನಮ್ಮದೆನ್ನುವುದನ್ನು ಹಾಗೆಯೇ ಬಿಡಲು ನಮಗೆ ಮನಸ್ಸು ಬರುವುದಿಲ್ಲ.

ಕೆಲಸ ಶುರುವಾಯಿತು, ನಾನು ದಿನವೂ ಹೋಗಿ ಕೂರತೊಡಗಿದೆ. ಕಿಟ್ಟು ತಂದು ಬಣ್ಣ ಹೊಡೆದು ಅಂಟಿಸುವುದೆಂದು ನಾನು ತಿಳಿದಿದ್ದೆ. ಹಾಗಲ್ಲ. ಮೊದಲು ಬಣ್ಣವಿಲ್ಲದೆ ಕೂಡಿಸಿ ನೋಡಬೇಕು. ಇದೇ ಗಾಡಿಗೆಂದು ಮಾಡಿದ ಸಾಮಾನಾದರೂ ಕೂಡುವುದಿಲ್ಲ. ಒಂದು ಕಡೆ ಬೆರಳು ಹೋಗುವಷ್ಟು ಸಂದು, ಇನ್ನೊಂದು ಕಡೆ ಬಾಗಿಲು ತೆರೆದರೆ ತಾಗುತ್ತದೆ. ದಸ್ತಗೀರ ಬಿಸಿಗಾಳಿ ಹಿಡಿದು ಬಗ್ಗಿಸುತ್ತಿದ್ದ, ಕಾನಸು ಎನ್ನುವ ಅರದಿಂದ ತಿಕ್ಕುತ್ತಿದ್ದ, ಮತ್ತೆ ಹಿಡಿದು ನೋಡುತ್ತಿದ್ದ, ಮತ್ತೆ ಇಳಿಸುತ್ತಿದ್ದ. ಬಳಿಕ ಪುಟ್ಟಿ ಹಾಕಿ, ನೀರು ಚಿಮುಕಿಸಿ ಉಪ್ಪುಕಾಗದದಿಂದ ತಿಕ್ಕುವುದು. ತಿಕ್ಕಿದ ಮೇಲೆ ಕಣ್ಣು ಮುಚ್ಚಿಕೊಂಡು ಅಂಗೈ ಸವರಿ ನೋಡುತ್ತಿದ್ದ. ಕಣ್ಣಿಗೆ ಬೆಳಕು ಮೋಸ ಮಾಡುತ್ತದೆ ಮಾಸ್ತರ್ರ, ಕೈಗೆ ಮಾಡೂದಿಲ್ಲ ಎಂದು ಒಂದು ಸಲ ಹೇಳಿದ. ನಾನೂ ಕಣ್ಣು ಮುಚ್ಚಿ ಸವರಿದೆ. ನನಗೆ ನುಣುಪಾಗಿ ಇತ್ತು. ಅವನು ಅದನ್ನು ಮತ್ತೆ ತಿಕ್ಕಿದ. ನನಗೆ ಅವನ ಮೇಲೆ ನಿಜವಾಗಿ ಗೌರವ ಹುಟ್ಟಿತು. ನನ್ನ ಕೆಲಸವನ್ನು ನಾನು ಇಷ್ಟು ಸಲ ತಿದ್ದಿದ್ದರೆ ಈ ತಾಲ್ಲೂಕಿನಲ್ಲಿ ನಕಾಶೆ ಓದಲು ಬಾರದವರು ಒಬ್ಬರೂ ಇರುತ್ತಿರಲಿಲ್ಲ.

ಬಣ್ಣ ಆರಿಸಲು ಅಕ್ಕ ಮತ್ತೆ ಬಂದಾಗ ದಸ್ತಗೀರ ಬಣ್ಣದ ಚಾರ್ಟು ತಂದ. ಅಕ್ಕ ಅದನ್ನು ಬಿಡಿಸಿಯೂ ನೋಡಲಿಲ್ಲ. ಬಂಪರಿನ ಮೇಲ್ಭಾಗ ಗಾಡಿಯಂತೆ ಬಿಳಿಯೇ ಇರಲಿ, ಉಳಿದದ್ದಕ್ಕೆಲ್ಲ ಇದು ಎಂದು ಚೀಲದಿಂದ ಒಂದು ಬಟ್ಟೆಯ ತುಂಡು ತೆಗೆದಳು. ತಮ್ಮ ಮಗ್ಗದ ಸೀರೆಯದು. ಹಾಸಿನ ಎಳೆ ನೀಲಿ, ಹೊಕ್ಕಿನ ಎಳೆ ಕುಂಕುಮದ ಕೆಂಪು. ಉದ್ದಕ್ಕೆ ನೀಲಿ ಕಟ್ಟಿ ಅಡ್ಡಕ್ಕೆ ಕೆಂಪು ನೇಯ್ದರೆ ಎರಡೂ ಬೆರೆತು ನೇರಳೆ ಹಣ್ಣಿನಂಥ ಬಣ್ಣವಾಗುತ್ತದೆ. ಅದೂ ಒಂದೇ ಬಣ್ಣವಲ್ಲ, ನೋಡಿದಂತೆ ಹೊಳೆಯುವ ಬಣ್ಣ. ದಸ್ತಗೀರ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಮಾಡೋಣ ಎಂದ. ಆ ಒಂದು ಮಾತಿನಲ್ಲಿ ಇದ್ದ ಹುರುಪನ್ನು ನಾನು ಅವನಲ್ಲಿ ಅದಕ್ಕೆ ಮುಂಚೆ ಕಂಡಿರಲಿಲ್ಲ. ಬರೀ ಬಿಳಿ, ಬೆಳ್ಳಿ, ಕರಿ ಹೊಡೆದು ಹೊಡೆದು ಅವನಿಗೂ ಸಾಕಾಗಿತ್ತೇನೋ.

ಬಟ್ಟೆಯನ್ನು ತಂತಿಯ ಮೇಲೆ ಕ್ಲಿಪ್ಪು ಹಾಕಿ ನೇತುಬಿಟ್ಟು, ಸಣ್ಣ ಸಣ್ಣ ಡಬ್ಬಿಗಳಿಂದ ಹನಿ ಹನಿಯಾಗಿ ಬಣ್ಣ ಕಲಸಿ, ತಗಡಿನ ಮುಚ್ಚಳಕ್ಕೆ ಸವರಿ, ಅದನ್ನು ಬಟ್ಟೆಯ ಪಕ್ಕಕ್ಕೆ ಹಿಡಿದು ನೋಡಿ, ಮತ್ತೆ ಕಲಸಿ, ಕೊನೆಗೊಮ್ಮೆ ತಲೆಯಾಡಿಸಿದ. ತುಟಿಗೆ ಹೊಡೆದ, ಲಂಗಗಳಿಗೆ ಹೊಡೆದ. ಅಷ್ಟರಲ್ಲಿ ಕಾರ್ಖಾನೆಯ ಚಿಮಣಿಯ ಕರಿ ಬೂದಿ ಗಾಳಿಗೆ ಬಂದು ಒಂದು ಲಂಗದ ಹಸಿ ಬಣ್ಣದ ಮೇಲೆ ಕೂತಿತು. ನನಗೆ ಕಾಣಲಿಲ್ಲ, ಅವನಿಗೆ ಕಂಡಿತು. ಒಣಗಿಸಿ, ತಿಕ್ಕಿ, ಎಲ್ಲ ಮೊದಲಿನಿಂದ ಹೊಡೆದ. ಹೀಗಾಗಿ ಕಲಸಿದ ಬಣ್ಣ ಮುಗಿದುಹೋಯಿತು, ರೆಕ್ಕೆಗೆ ಬೇರೆ ಕಲಸಬೇಕಾಯಿತು. ಮುಗಿದವನ್ನು ಗೀರು ಬೀಳದಂತೆ ಹಳೆಯ ಕೌದಿಯಲ್ಲಿ ಸುತ್ತಿ ಒಳಗಿಟ್ಟ.

ಇಲ್ಲಿ ನನ್ನ ಪ್ರವೇಶವಾಗುತ್ತದೆ. ದಸ್ತಗೀರ ಊಟಕ್ಕೆ ಹೋಗಿದ್ದ. ತಂತಿಯ ಮೇಲಿನ ಆ ಬಟ್ಟೆಯನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೆ ಇರುಸುಮುರುಸಾಗುತ್ತಿತ್ತು. ಅವನು ಅದನ್ನು ಅಡ್ಡ ನೇತುಹಾಕಿದ್ದ. ನೇಕಾರರ ಮನೆಯಲ್ಲಿ ಬೆಳೆದವರಿಗೆ ಬಟ್ಟೆ ಅಡ್ಡ ನೇತಾಡಿದರೆ, ಮನೆಯಲ್ಲಿ ದೇವರ ಪಟ ಸೊಟ್ಟಗಿದ್ದಂತೆ. ಅವ್ವ ಇದ್ದಿದ್ದರೆ ಕೈಮೇಲೆ ಹೊಡೆಯುತ್ತಿದ್ದಳು. ನಾನು ಎದ್ದು, ಕ್ಲಿಪ್ಪು ಬಿಚ್ಚಿ, ಬಟ್ಟೆಯನ್ನು ಕೊಡವಿ, ಹಾಸಿನ ಎಳೆ ನೆಟ್ಟಗೆ ಇಳಿಯುವಂತೆ ಸರಿಯಾಗಿ ತೂಗುಹಾಕಿ, ಕೈ ಕೊಡವಿಕೊಂಡು ಕೂತೆ. ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಸ್ವಲ್ಪ ತೂಕಡಿಸಿದೆ. ಎದ್ದಾಗ ದಸ್ತಗೀರ ಆ ಬಟ್ಟೆಯನ್ನು ನೋಡುತ್ತ ರೆಕ್ಕೆಗೆ ಬಣ್ಣ ಕಲಸುತ್ತಿದ್ದ.

ಎರಡು ಬಣ್ಣದ ಎಳೆಯ ಬಟ್ಟೆಯನ್ನು ತಿರುಗಿಸಿದರೆ ಬಣ್ಣ ತಿರುಗುತ್ತದೆ. ನಮ್ಮ ಮನೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ ಇದು. ಒಂದು ಕಡೆಯಿಂದ ಹಾಸು ಎದ್ದು ಕಾಣುತ್ತದೆ, ಇನ್ನೊಂದು ಕಡೆಯಿಂದ ಹೊಕ್ಕು. ನೇಕಾರರ ಮಗನಾಗಿ ಬಟ್ಟೆಯನ್ನು ನೆಟ್ಟಗೆ ತೂಗುಹಾಕುವ ಬುದ್ಧಿ ನನಗೆ ಇತ್ತು, ಹಾಗೆ ಮಾಡಿದರೆ ಏನಾಗುತ್ತದೆಂಬ ಬುದ್ಧಿ ಮಾತ್ರ ಎಲ್ಲ ಕೂಡಿಸುವ ದಿನ ಬಂತು.

ಆ ದಿನ ಕೌದಿ ಬಿಚ್ಚಿ ತುಟಿ, ಲಂಗಗಳನ್ನು ಕೂಡಿಸಿ, ಕೊನೆಗೆ ರೆಕ್ಕೆ ಏರಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ ದಸ್ತಗೀರನ ಮುಖ ಸಣ್ಣದಾಯಿತು. ಮುಂದೆ, ಪಕ್ಕಕ್ಕೆ ನೀಲಿಯತ್ತ ವಾಲಿದ ನೇರಳೆ. ಹಿಂದೆ ಕೆಂಪಿನತ್ತ ವಾಲಿದ ನೇರಳೆ. ಒಂದೇ ಗಾಡಿಗೆ ಎರಡು ಬಣ್ಣ. ಇಷ್ಟು ವರ್ಷದಾಗ ನನಗ ಹಿಂಗ ಆಗಿಲ್ಲ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದಾಗ ನನಗೆ ತಂತಿಯ ನೆನಪಾಯಿತು. ಬಟ್ಟೆ ತಿರುಗಿಸಿದವನು ನಾನೇ ಎಂದು ಹೇಳಿದೆ. ಅವನು ನನ್ನನ್ನು ನೋಡಿದ, ಬಟ್ಟೆಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಬಯ್ದಿದ್ದರೆ ಹಗುರಾಗುತ್ತಿತ್ತು. ಎರಡು ದಿನ ಕೊಡಿರಿ ಮಾಸ್ತರ್ರ, ರೆಕ್ಕಿ ಮತ್ತ ಹೊಡೀತೀನಿ ಅಂದ ಪುಣ್ಯಾತ್ಮ.

ಎರಡು ದಿನ ಎಲ್ಲಿಂದ ತರುವುದು? ಅವತ್ತೇ ಮಧ್ಯಾಹ್ನ ಮಲ್ಲು ಬೀಳಗಿಯ ವ್ಯಾಪಾರಿಯನ್ನು ಕರೆದುಕೊಂಡು ಬರುವವನಿದ್ದ. ಅವನಿಗಿಂತ ಮೊದಲು ಅಕ್ಕ ಬಂದಳು. ನಾವಿಬ್ಬರೂ ತಪ್ಪಿತಸ್ಥ ಹುಡುಗರ ಹಾಗೆ ನಿಂತೆವು. ಅಕ್ಕ ಒಂದು ಸುತ್ತು ಬಂದಳು. ತಂತಿಯಿಂದ ಬಟ್ಟೆ ತೆಗೆದು ತುಟಿಯ ಮೇಲೆ ಇಟ್ಟಳು, ಒಪ್ಪಿತು. ಹಿಂದೆ ಹೋಗಿ ಬಟ್ಟೆಯನ್ನು ತಿರುಗಿಸಿ ರೆಕ್ಕೆಯ ಮೇಲೆ ಇಟ್ಟಳು, ಅದೂ ಒಪ್ಪಿತು. ಏನಾಗಿದೆಯೆಂದು ಅವಳಿಗೆ ನಾವು ಹೇಳಬೇಕಾಗಲಿಲ್ಲ. ಬಿಳಿ ಒಡಲು, ಒಂದು ಬಣ್ಣದ ಅಂಚು, ಇನ್ನೊಂದು ಬಣ್ಣದ ಸೆರಗು, ಸೀರೆ ಇರುವುದೇ ಹೀಗೆ, ಇನ್ನು ಮುಟ್ಟಬೇಡ ಎಂದು ದಸ್ತಗೀರನಿಗೆ ಹೇಳಿದಳು. ಅವಳು ಹಾಗೆ ಹೇಳಿದ ಮೇಲೆ ನಾನೂ ನೋಡಿದೆ. ಖರೆ ಹೇಳುತ್ತೇನೆ, ಆ ಗಾಡಿ ಬಹಳ ಚಂದ ಕಾಣುತ್ತಿತ್ತು. ಬಿಸಿಲಿನಲ್ಲಿ ಲಂಗದ ಮೇಲೆ ನೀಲಿ ಹರಿದಾಡುತ್ತಿತ್ತು, ರೆಕ್ಕೆಯ ಮೇಲೆ ಕುಂಕುಮ. ಬಾಗಿಲಿಗೂ ಲಂಗಕ್ಕೂ ನಡುವಿನ ಸಂದು ಉದ್ದಕ್ಕೂ ಒಂದೇ ಗೆರೆ ಎಳೆದಂತಿತ್ತು. ಮಾರಲು ತಂದ ಹಳೆಯ ಗಾಡಿ ಇದೇ ಏನು ಎಂದು ನಾನು ಬೆರಗಾಗಿ ನಿಂತೆ.

ವ್ಯಾಪಾರಿಯೊಂದಿಗೆ ಬಂದಿಳಿದ ಮಲ್ಲು ಬೆರಗಾಗಲಿಲ್ಲ, ಗಾಬರಿಯಾದ. ವ್ಯಾಪಾರಿಯ ಕಡೆ ತಿರುಗಿ, ಇದೆಲ್ಲ ಬಿಚ್ಚಿ ಕೊಡುತ್ತೇವೆ ಎಂದು ಏನೇನೋ ಹೇಳತೊಡಗಿದ. ಅಕ್ಕ ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತಿದ್ದಳು. ಅವಳ ಲೆಕ್ಕದಂತೆ ಈಗ ವ್ಯಾಪಾರಿ ತಲೆ ಕೊಡವಿ ಬೀಳಗಿಯ ಬಸ್ಸು ಹಿಡಿಯಬೇಕಿತ್ತು. ಬಿಳಿ ಅಂಗಿ, ಬಿಳಿ ಟೊಪ್ಪಿಗೆಯ ಆ ಮನುಷ್ಯ ಗಾಡಿಯ ಸುತ್ತ ನಿಧಾನಕ್ಕೆ ನಡೆದರು. ರೆಕ್ಕೆಯನ್ನು ಒಂದು ಬೆರಳಿನಿಂದ ಮುಟ್ಟಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಇನ್ನೂ ಮರೆತಿಲ್ಲ.

“ನನಗೂ ಇಂಥಾದ್ದು ಮಾಡಸಬೇಕಂತ ಬಾಳ ಆಸೆ ಇತ್ರಿ. ಈ ವಯಸ್ಸಿನಾಗ ಹೆಂಗ ಕೇಳೂದು ಅಂತ ನಾಚಿಕಿ. ನೀವ ಮಾಡಿಸಿ ಇಟ್ಟೀರಿ, ನನಗ ನಾಚಿಕಿ ಪಡೂದು ತಪ್ಪಿತು. ಹಿಂಗ ಇದ್ದಂಗನ ಕೊಡ್ರಿ.”

ಮಲ್ಲುವಿನ ಮುಖ ಅರಳಿತು. ಅಕ್ಕನ ಮುಖ ಬಿಳಿಚಿತು. ಯಾರೂ ಕೊಳ್ಳದಿರಲೆಂದು ಹೂಡಿದ ಆಟದಲ್ಲಿ ಅವಳು ಗಾಡಿಯನ್ನು ಮೊದಲಿಗಿಂತ ಹೆಚ್ಚು ಚಂದ ಮಾಡಿಬಿಟ್ಟಿದ್ದಳು. ಇನ್ನು ಅಡಗಿಕೊಳ್ಳಲು ಅವಳಿಗೆ ಜಾಗವಿರಲಿಲ್ಲ. ಮಲ್ಲು ಮಾತು ಮುಗಿಸಲು ವ್ಯಾಪಾರಿಯ ಕಡೆ ಕೈ ಚಾಚಿದ.

“ನಾ ಕೊಡಂಗಿಲ್ಲ” ಎಂದಳು ಅಕ್ಕ.

ಎಲ್ಲ ಮಾತಾಗಿದೆಯಲ್ಲ ಅವ್ವಾ ಎಂದ ಮಲ್ಲು. ಅಕ್ಕ ಜೋರು ದನಿ ತೆಗೆಯಲಿಲ್ಲ. ಗಾಡಿಗೆ ಒರಗಿ ನಿಂತು, ಅಂಗಡಿಯಲ್ಲಿ ಸೀರೆಯ ಬಗ್ಗೆ ಹೇಳುವ ಹಾಗೆಯೇ ಹೇಳಿದಳು.

“ಯಾವಾಗ ಮಾರೂದು ಅಂತ ಮಾತಾಡಿದ್ರಿ. ಯಾರಿಗಿ ಕೊಡೂದು ಅಂತ ಮಾತಾಡಿದ್ರಿ. ಮಾರಬೇಕೋ ಬ್ಯಾಡೋ ಅಂತ ನನ್ನ ಯಾರ ಕೇಳಿದ್ರಿ?”

ಅವಳ ಕಣ್ಣು ನನ್ನ ಕಡೆಯೂ ತಿರುಗಿತು. ಸ್ಟ್ಯಾಂಡಿನಿಂದ ಗ್ಯಾರೇಜಿನವರೆಗೆ ಅಷ್ಟು ಮಾತಾಡಿದವನು ನಾನು. ಅದರಲ್ಲಿ ಒಂದಾದರೂ ಪ್ರಶ್ನೆ ಇತ್ತೆ ಎಂದು ನೆನಪಿಸಿಕೊಂಡೆ. ಇರಲಿಲ್ಲ. ಅವಳ ಹೂಂಗಳನ್ನೆಲ್ಲ ನಾನು ಒಪ್ಪಿಗೆಯೆಂದೇ ಜೋಡಿಸಿಟ್ಟುಕೊಂಡಿದ್ದೆ.

ಕೊನೆಗೆ ಮಲ್ಲು ನೆಲ ನೋಡುತ್ತ, ಕಬ್ಬಿನ ಜಲ್ಲೆ ಗಾಡಿಯ ಗಾಜು ಒಡೆದು ಒಳಗೆ ಬಂದಿದ್ದರೆ ಏನು ಗತಿಯಾಗುತ್ತಿತ್ತೆಂದು ತನಗೆ ಇನ್ನೂ ಕನಸು ಬೀಳುತ್ತದೆ, ಅಂಜಿಕೆಯಾಗುತ್ತದೆ ಅವ್ವಾ ಎಂದ. ಇಷ್ಟು ದಿನ ಆರಾಮ, ವಯಸ್ಸು ಎಂದೆಲ್ಲ ಹೇಳಿದ್ದವನು ಈ ಮಾತನ್ನು ಅಂದೇ ಮೊದಲು ಹೇಳಿದ್ದು. ಅಕ್ಕ ಅವನ ಹತ್ತಿರ ಹೋದಳು.

“ನನಗೂ ಅಂಜಿಕಿ ಆಗ್ತೈತಿ. ಅಂಜಿಕೊಂತನ ಹೊಡೀತೀನಿ. ಹಂಗಾಮಿನಾಗ ಹೊತ್ತ ಮುಳುಗೂದ್ರಾಗ ಮನಿ ಸೇರ್ತೀನಿ, ಆತಿಲ್ಲೋ?”

ಮಲ್ಲು ಕಿಸೆಯಿಂದ ಕೀಲಿಕೈ ತೆಗೆದು ಅವಳ ಅಂಗೈ ಮೇಲಿಟ್ಟು, ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಕೂತ. ವ್ಯಾಪಾರಿ ನೊಂದುಕೊಳ್ಳಲಿಲ್ಲ, ದೊಡ್ಡ ಮನುಷ್ಯರು. ಇದೇ ಕಿಟ್ಟು ಇನ್ನೊಂದು ಸಿಗುತ್ತದೆಯೇ ಎಂದು ದಸ್ತಗೀರನನ್ನು ಪಕ್ಕಕ್ಕೆ ಕರೆದು ವಿಚಾರಿಸುತ್ತಿದ್ದರು. ನಾಚಿಕೆ ಒಂದು ಸಲ ಹೋದರೆ ಹೋದಂತೆಯೇ ಎಂದು ಕಾಣುತ್ತದೆ. ದಸ್ತಗೀರ ಅವರ ಮಾತಿಗೆ ತಲೆಯಾಡಿಸುತ್ತಲೇ, ಹೊರಟ ಗಾಡಿಯ ರೆಕ್ಕೆಯನ್ನು ಕಣ್ಣಿನಿಂದ ಕಳಿಸಿಕೊಡುತ್ತಿದ್ದ.

ನನ್ನನ್ನು ಮನೆಗೆ ಬಿಟ್ಟು ಬನಹಟ್ಟಿಗೆ ಹೋಗುವುದೆಂದಾಯಿತು. ನನ್ನ ಸೀಟು ಹೋಗಿದ್ದರಿಂದ ಹಿಂದೆ ಕೂತೆ. ತುಟಿ ನೆಲಕ್ಕೆ ಹತ್ತಿರವಿರುವುದರಿಂದ ಅಕ್ಕ ಒಂದೊಂದು ಉಬ್ಬನ್ನೂ ತುಂಬಿದ ಕೊಡ ಹೊತ್ತವಳಂತೆ ಹತ್ತಿಸಿ ಇಳಿಸಿದಳು. ಹಿಡಿಕೆ ಬಿಗಿದಿದ್ದ ಮಲ್ಲುವಿನ ಬೆರಳು ಮೂರನೆಯ ಉಬ್ಬಿನ ಹೊತ್ತಿಗೆ ಸಡಿಲಾದದ್ದು ಹಿಂದಿನಿಂದ ಕಾಣುತ್ತಿತ್ತು. ದಾರಿಯಲ್ಲಿ ಎಮ್ಮೆಯೂ ಬಂತು. ಯಾರೂ ಅದರ ವಿಷಯ ಎತ್ತಲಿಲ್ಲ. ಚಹಾ ಅಂಗಡಿಯ ಮುಂದೆ ಕೂತವರು ಗಾಡಿ ನೋಡಿ, ಓಡಿಸುವವಳನ್ನು ನೋಡಿ, ಮತ್ತೆ ಗಾಡಿ ನೋಡಿದರು. ನಾನು ಹಿಂದೆ ಕೂತು ಅವರಿಗೆಲ್ಲ ಕೈ ಮಾಡಿದೆ.

ಆ ಹುರುಪು ಮನೆಯ ಬಾಗಿಲವರೆಗೂ ಇಳಿಯಲಿಲ್ಲ. ಅಕ್ಕನ ಮಾತು ನನ್ನನ್ನು ಬದಲಿಸಿಬಿಟ್ಟಿದೆ, ಇನ್ನು ಮೇಲೆ ಎಲ್ಲರನ್ನೂ ಕೇಳಿಯೇ ನಡೆಯುವವನು ನಾನು ಎಂದು ನಿಶ್ಚಯಿಸಿಕೊಂಡು ಚಪ್ಪಲಿ ಬಿಟ್ಟೆ. ದಸ್ತಗೀರನ ಕೆಲಸ ನೋಡಿ ನೋಡಿ ನನಗೂ ಬಣ್ಣದ ಹುಚ್ಚು ಹಿಡಿದಿತ್ತು. ಅವನ ಪರಿಚಯದ, ಮನೆಗಳಿಗೆ ಬಣ್ಣ ಬಳಿಯುವ ಪೇಂಟರನ್ನು ನಮ್ಮ ಪಡಸಾಲೆಯ ಗೋಡೆಗಳಿಗೆ ಬರುವ ವಾರಕ್ಕೆ ಗೊತ್ತುಮಾಡಿಯೂ ಆಗಿತ್ತು. ನನ್ನ ಹೆಂಡತಿ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು, ಬಹಳ ವಿನಯದಿಂದ, ಪಡಸಾಲೆಗೆ ನಿನಗೆ ಯಾವ ಬಣ್ಣ ಬೇಕು, ನೀನು ಹೇಳಿದ್ದೇ ಆಗಲಿ ಎಂದು ಕೇಳಿದೆ.

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ಬಣ್ಣಾ ಹಚ್ಚಬೇಕೋ ಬ್ಯಾಡೋ ಅಂತ ಮೊದಲ ಕೇಳ್ರಿ” ಎಂದಳು.

ಕೇಳಿದೆ. ಬೇಡ ಅಂದಳು. ಪೇಂಟರನಿಗೆ ಫೋನು ಮಾಡಲು ಎದ್ದೆ.